ನೊರೆನೀರಿನ ಪಾಠ, ನಿಂತ ನೀರಿನ ಪರೀಕ್ಷೆ



ಉತ್ತರ ಕನ್ನಡ ಜಿಲ್ಲೆಯ ಜೊಯಿಡಾ ತಾಲೂಕಿನ ಡಿಗ್ಗಿ ಎಂಬ ಹಳ್ಳಿಯ ಹತ್ತಿರ ಹುಟ್ಟಿ, ಸುಮಾರು 184 ಕಿ.ಮೀ. ಹರಿದು, ಕಾರವಾರದ ಬಳಿ ಅರಬ್ಬೀ ಸಮುದ್ರವನ್ನು ಸೇರುವ ಕಾಳಿ ನದಿಯ ಹೆಸರನ್ನು ನೀವೆಲ್ಲ ಭೂಗೋಳದ ಪುಸ್ತಕದಲ್ಲಿ ಓದಿದ್ದೀರಿ. ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ ಎಂಬ ವಿದ್ಯುತ್ ಯೋಜನೆಗಳ ಹೆಸರುಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರೂ ಇದ್ದೀರಿ. ಹಳಿಯಾಳ, ದಾಂಡೇಲಿ, ಜೊಯಿಡಾ ಕಡೆಯ ವಿದ್ಯಾರ್ಥಿಗಳಿಗಂತೂ ಅದು ಮನೆಯಂಗಳದ ನದಿ. ಈಗ ಅದೇ ನದಿ ಇನ್ನೊಂದು ಕಾರಣಕ್ಕೂ ಹೆಸರಾಗಿದೆ. ಗಣೇಶಗುಡಿಯಲ್ಲಿ ಗಾಳಿ ತುಂಬಿದ ರಬ್ಬರ್ ದೋಣಿ ಹತ್ತಿ, ಬಂಡೆಗಳ ನಡುವೆ ನೊರೆಗಟ್ಟಿ ಧುಮುಕುವ ನೀರಿನಲ್ಲಿ ಹುಟ್ಟು ಹಾಕುತ್ತ ಸಾಗುವ ರಾಫ್ಟಿಂಗ್ ಎಂಬ ಆಟಕ್ಕೆ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಗೋವಾಗಳಿಂದ ಜನ ಬರುತ್ತಾರೆ.

ಈ ಆಟ ಬೇಡ ಎಂದು ಹೇಳಲು ನಾನು ಇಲ್ಲಿ ಕುಳಿತಿಲ್ಲ. ಹದಿಹರೆಯದಲ್ಲಿ ಹೊಳೆ ಕರೆಯುತ್ತದೆ. ಕರೆಯದಿದ್ದರೆ ಅದು ಹೊಳೆಯೇ ಅಲ್ಲ. ನಾನು ಹೇಳಬೇಕೆಂದಿರುವುದು ಒಂದೇ ಮಾತು. ರಾಫ್ಟಿಂಗ್‌ನಲ್ಲಿ ನಿಮಗೆ ಕಲಿಸುವ ಶಿಸ್ತು ನೊರೆನೀರಿಗೆ ಮಾತ್ರ ಸೇರಿದ್ದಲ್ಲ. ಅದು ಹೆಚ್ಚಾಗಿ ಬೇಕಾಗುವುದು ಆಟ ಮುಗಿದ ಮೇಲೆ, ದಡದಲ್ಲಿ, ಸದ್ದಿಲ್ಲದೆ ನಿಂತಿರುವ ನೀರಿನ ಹತ್ತಿರ. ಇದು ಏಕೆ ಹೀಗೆ ಎಂಬುದನ್ನು ಸ್ವಲ್ಪ ವಿಜ್ಞಾನದ ಸಹಾಯದಿಂದ ನೋಡೋಣ.

ಮೊದಲು ನದಿಯನ್ನು ಅರ್ಥ ಮಾಡಿಕೊಳ್ಳೋಣ. ಬೇಸಿಗೆಯಲ್ಲಿ ಪಶ್ಚಿಮ ಘಟ್ಟದ ಎಷ್ಟೋ ಹಳ್ಳಗಳು ಒಣಗುತ್ತವೆ. ಆದರೆ ಗಣೇಶಗುಡಿಯ ಕೆಳಗೆ ಮಾರ್ಚ್, ಏಪ್ರಿಲ್‌ನಲ್ಲೂ ಕಾಳಿ ಭೋರ್ಗರೆಯುವುದುಂಟು. ಮಳೆಯಿಲ್ಲದೆ ಈ ನೀರು ಎಲ್ಲಿಂದ ಬಂತು? ಮೇಲೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿದೆ. ಅದರ ಬುಡದಲ್ಲಿ ತಲಾ 50 ಮೆಗಾವಾಟ್‌ನ ಎರಡು ವಿದ್ಯುತ್ ಯಂತ್ರಗಳಿವೆ. ಅವು ತಿರುಗಿದಾಗ ಹೊರಬರುವ ನೀರೇ ಕೆಳಗಿನ ಹೊಳೆ. ಅಂದರೆ ಈ ನದಿ ಏರುವುದು, ಇಳಿಯುವುದು ಮೋಡವನ್ನು ನೋಡಿ ಅಲ್ಲ. ರಾಜ್ಯದಲ್ಲಿ ವಿದ್ಯುತ್ತಿನ ಬೇಡಿಕೆಯನ್ನು ನೋಡಿ. ಯಂತ್ರ ನಿಂತಿದ್ದಾಗ ಬಂಡೆಗಳು ತಲೆ ಎತ್ತಿ ಒಣಗಿರುತ್ತವೆ. ಯಂತ್ರ ಶುರುವಾದರೆ ಅದೇ ಬಂಡೆಗಳ ಮೇಲೆ ನೀರು ಹತ್ತುತ್ತದೆ. ಆಕಾಶ ಶುಭ್ರವಾಗಿರುತ್ತದೆ, ಬಿಸಿಲು ಬಿದ್ದಿರುತ್ತದೆ, ನೀರು ಮಾತ್ರ ಏರುತ್ತಿರುತ್ತದೆ.

ಈ ಒಂದು ಸಂಗತಿಯನ್ನು ತಿಳಿಯದೆ ಹೋದರೆ ಏನಾಗಬಹುದು ಎಂಬುದಕ್ಕೆ ನಮ್ಮ ದೇಶದಲ್ಲೇ ಒಂದು ದಾರುಣ ಉದಾಹರಣೆ ಇದೆ. 2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಮಂಡಿ ಜಿಲ್ಲೆಯಲ್ಲಿ, ಬಿಯಾಸ್ ನದಿಯ ಪಾತ್ರದಲ್ಲಿ ಹೈದರಾಬಾದಿನಿಂದ ಪ್ರವಾಸ ಬಂದಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಂಡೆಗಳ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮೇಲಿನ ಲಾರ್ಜಿ ಜಲವಿದ್ಯುತ್ ಅಣೆಕಟ್ಟಿನಿಂದ ನೀರು ಬಿಡಲಾಯಿತು. 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಅವರು ಯಾವ ಸಾಹಸ ಕ್ರೀಡೆಯನ್ನೂ ಆಡುತ್ತಿರಲಿಲ್ಲ. ಸುಮ್ಮನೆ ನಿಂತಿದ್ದರು. ಆದ್ದರಿಂದ ಅಣೆಕಟ್ಟಿನ ಕೆಳಗಿನ ಯಾವುದೇ ಹೊಳೆಯಲ್ಲಿ ನಡುಬಂಡೆಗೆ ಹೋಗಿ ಕೂರುವ ಮೊದಲು ಕೇಳಬೇಕಾದ ಪ್ರಶ್ನೆ "ಆಳ ಎಷ್ಟಿದೆ?" ಎಂಬುದಲ್ಲ. "ಇವತ್ತು ನೀರು ಬಿಡುತ್ತಾರೆಯೇ? ಬಿಟ್ಟರೆ ಎಷ್ಟು ಹೊತ್ತಿಗೆ?" ಎಂಬುದು. ಸೈರನ್ ಕೇಳಿಸಿದರೆ, ನೀರಿನ ಬಣ್ಣ ಕದಡಿದರೆ, ಎಲೆ ಕಡ್ಡಿ ತೇಲಿ ಬರತೊಡಗಿದರೆ, ಚಪ್ಪಲಿ, ಚೀಲ ಎಂದು ನೋಡುತ್ತ ನಿಲ್ಲದೆ ದಡದ ಎತ್ತರದ ಜಾಗಕ್ಕೆ ಏರಬೇಕು.

ಹರಿಯುವ ನೀರಿಗೆ ಎಷ್ಟು ಬಲವಿದೆ? ಪಿಯುಸಿಯ ಭೌತಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕ ಹಾಕಬಹುದು. ಒಂದು ಘನ ಮೀಟರ್ ನೀರಿನ ತೂಕ 1000 ಕಿಲೋಗ್ರಾಂ, ಅಂದರೆ ಒಂದು ಟನ್ನು. ನೀವು ಮೊಣಕಾಲಿನ ಮೇಲಕ್ಕೆ, ಸುಮಾರು 60 ಸೆಂ.ಮೀ. ನೀರಿನಲ್ಲಿ ನಿಂತಿದ್ದೀರಿ ಎನ್ನಿ. ನೀರು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹರಿಯುತ್ತಿದ್ದರೆ, ಅಂದರೆ ನಿಧಾನವಾಗಿ ನಡೆಯುವವನ ವೇಗದಲ್ಲಿ, ನಿಮ್ಮ ಎರಡು ಕಾಲುಗಳ ಮೇಲೆ ಅದು ಸುಮಾರು 9 ಕಿಲೋ ತೂಕದಷ್ಟು ಒತ್ತುತ್ತದೆ. ವೇಗ ಎರಡರಷ್ಟಾದರೆ ಒತ್ತುವ ಬಲ ಎರಡರಷ್ಟಲ್ಲ, ನಾಲ್ಕರಷ್ಟು: 36 ಕಿಲೋ. ವೇಗ ಮೂರರಷ್ಟಾದರೆ ಒಂಬತ್ತರಷ್ಟು: 81 ಕಿಲೋ. ಸೆಕೆಂಡಿಗೆ ಮೂರು ಮೀಟರ್ ಎಂದರೆ ಸೈಕಲ್ ತುಳಿಯುವವನ ನಿಧಾನ ವೇಗ, ಅಷ್ಟೇ. ಒಬ್ಬ ಗಟ್ಟಿಮುಟ್ಟಾದ ಆಳು ನಿಮ್ಮ ಕಾಲಿಗೆ ಒರಗಿ ತಳ್ಳುತ್ತಿದ್ದರೆ ಹೇಗೋ ಹಾಗೆ. ಅವನಾದರೂ ದಣಿದು ನಿಲ್ಲಿಸಿಯಾನು, ನದಿ ನಿಲ್ಲಿಸುವುದಿಲ್ಲ. "ಮೊಣಕಾಲಷ್ಟೇ ನೀರು" ಎಂಬ ಮಾತು ಏಕೆ ಮೋಸದ ಮಾತು ಎಂದು ಈಗ ತಿಳಿಯಿತಲ್ಲವೇ? ಆಳದ ಜೊತೆಗೆ ವೇಗವನ್ನೂ ಕೇಳಬೇಕು.

ಇನ್ನು ನೊರೆಯ ವಿಷಯ. ನೊರೆ ಬಿಳಿಯಾಗಿ ಕಾಣುವುದು ಅದರಲ್ಲಿ ಗಾಳಿಯ ಗುಳ್ಳೆಗಳು ತುಂಬಿರುವುದರಿಂದ. ಒಂದು ಕಡೆ ನೀರಿನಲ್ಲಿ 40 ಪಾಲು ಗಾಳಿ ಸೇರಿದೆ ಎಂದಾದರೆ ಅಲ್ಲಿ ಒಂದು ಲೀಟರಿನ ತೂಕ ಒಂದು ಕಿಲೋ ಅಲ್ಲ, 600 ಗ್ರಾಂ. ಆರ್ಕಿಮಿಡೀಸ್ ಹೇಳಿದಂತೆ ನಮ್ಮನ್ನು ಮೇಲೆತ್ತುವ ಬಲ ನಾವು ಪಕ್ಕಕ್ಕೆ ಸರಿಸಿದ ದ್ರವದ ತೂಕಕ್ಕೆ ಸಮ. ದ್ರವವೇ ಹಗುರವಾದರೆ ಎತ್ತುವ ಬಲವೂ ಕಡಿಮೆ. ಆದ್ದರಿಂದ ಜಲಪಾತದ ಬುಡದ ನೊರೆಯಲ್ಲಿ ಒಳ್ಳೆಯ ಈಜುಗಾರನೂ ತೇಲಲು ಕಷ್ಟಪಡುತ್ತಾನೆ. ಬಾಂದಾರ, ಚೆಕ್ ಡ್ಯಾಂಗಳ ಮೇಲಿಂದ ನೀರು ಹಾಯಾಗಿ ಜಾರಿ ಬೀಳುವ ಜಾಗವೂ ಹೀಗೆಯೇ. ಬಿದ್ದ ನೀರು ಅಡಿಯಲ್ಲಿ ಮುಂದಕ್ಕೆ ಹೋಗಿ ಮೇಲ್ಗಡೆಯಿಂದ ಹಿಂದಕ್ಕೆ ಸುತ್ತುತ್ತದೆ. ಅಲ್ಲಿ ಸಿಕ್ಕಿದ ಮರದ ದಿಮ್ಮಿ ಗಂಟೆಗಟ್ಟಲೆ ಅಲ್ಲೇ ಉರುಳುತ್ತಿರುವುದನ್ನು ಮಳೆಗಾಲದಲ್ಲಿ ನೀವು ನೋಡಿರಬಹುದು. ಮನುಷ್ಯನಿಗೂ ಅದೇ ಗತಿ.

ಹಾಗಾದರೆ ರಾಫ್ಟಿನಲ್ಲಿ ಕುಳಿತವರು ಈ ನೊರೆಯನ್ನು ಹೇಗೆ ದಾಟುತ್ತಾರೆ? ಇಲ್ಲಿಯೇ ಶಿಸ್ತಿನ ಮಹತ್ವ ತಿಳಿಯುವುದು. ಜಗತ್ತಿನ ನದಿಗಳ ಇಳಿಜಾರುಗಳನ್ನು ಕಷ್ಟಕ್ಕೆ ತಕ್ಕಂತೆ 1ರಿಂದ 6ರವರೆಗೆ ದರ್ಜೆ ಮಾಡಿದ್ದಾರೆ. ಒಂದು ಎಂದರೆ ಸಲೀಸು, ಆರು ಎಂದರೆ ಪರಿಣತರಿಗೂ ಪ್ರಾಣಾಪಾಯ. ಕಾಳಿಯ ರಾಫ್ಟಿಂಗ್ ಹಾದಿಯನ್ನು ಸಾಮಾನ್ಯವಾಗಿ 2 ಮತ್ತು 3ನೆಯ ದರ್ಜೆಗೆ ಸೇರಿಸುತ್ತಾರೆ. ಕಲಿತ ಮಾರ್ಗದರ್ಶಿ, ಸರಿಯಾದ ಸಲಕರಣೆ ಇದ್ದರೆ ಹೊಸಬರೂ ಹೋಗಬಹುದಾದ ನೀರು ಅದು.

ಸಲಕರಣೆಗಳಲ್ಲಿ ಮೊದಲನೆಯದು ಲೈಫ್ ಜಾಕೆಟ್. ನಮ್ಮ ದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ಶ್ವಾಸಕೋಶದ ತುಂಬ ಗಾಳಿ ಇದ್ದರೆ ಮಾತ್ರ ನೆತ್ತಿ ಮೇಲೆ ಉಳಿಯುತ್ತದೆ. ಮೂಗು, ಬಾಯಿ ನೀರಿನಿಂದ ಹೊರಗಿರಬೇಕಾದರೆ ಸುಮಾರು 5 ಕಿಲೋ ತೂಗುವ ತಲೆಯನ್ನು ಯಾರಾದರೂ ಎತ್ತಿ ಹಿಡಿಯಬೇಕು. ಒಳ್ಳೆಯ ಜಾಕೆಟ್ 7ರಿಂದ 10 ಕಿಲೋ ತೂಕವನ್ನು ಎತ್ತಬಲ್ಲದು. ಆದರೆ ಅದು ನಿಮ್ಮನ್ನು ಎತ್ತಬೇಕೇ ಹೊರತು ತಾನೊಂದೇ ಮೇಲೇಳಬಾರದು. ಹಾಕಿಕೊಂಡ ಮೇಲೆ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಜಗ್ಗಲು ಗೆಳೆಯನಿಗೆ ಹೇಳಿ. ಜಾಕೆಟ್ ಕಿವಿಯವರೆಗೆ ಬಂದರೆ ಅದು ಸಡಿಲ. ಪಟ್ಟಿ ಬಿಗಿ ಮಾಡಿ, ಇಲ್ಲವೇ ಬೇರೆ ಅಳತೆಯದನ್ನು ಕೇಳಿ. ಫೋಟೋ ಚೆನ್ನಾಗಿ ಬರಲೆಂದು ಗುಂಡಿ ಬಿಚ್ಚಿ ಕೂರುವವರಿದ್ದಾರೆ. ಗುಂಡಿ ಬಿಚ್ಚಿದ ಜಾಕೆಟ್ ಗೂಟಕ್ಕೆ ತೂಗುಹಾಕಿದ ಜಾಕೆಟ್ ಎರಡೂ ಒಂದೇ.

ಎರಡನೆಯದು ಹೆಲ್ಮೆಟ್. ನದಿಯಲ್ಲಿ ಬಂಡೆಗೆ ತಲೆ ತಾಗಿ ಪ್ರಜ್ಞೆ ತಪ್ಪಿದರೆ ಈಜು ಬಂದೂ ಪ್ರಯೋಜನವಿಲ್ಲ. ಮೂರನೆಯದು ಹುಟ್ಟಿನ ತುದಿಯ ಅಡ್ಡ ಹಿಡಿ. ಅದನ್ನು ಒಂದು ಕೈಯಲ್ಲಿ ಸದಾ ಮುಚ್ಚಿ ಹಿಡಿದಿರಬೇಕು. ಇಲ್ಲವಾದರೆ ಏರಿಳಿತದಲ್ಲಿ ಪಕ್ಕದವನ ಹಲ್ಲು ಮುರಿಯುವುದು ಅದರಿಂದಲೇ.

ನೀರಿಗೆ ಬಿದ್ದರೆ? ಮಾರ್ಗದರ್ಶಿಗಳು ಇದನ್ನು ಹೊರಡುವ ಮೊದಲೇ ಹೇಳಿಕೊಡುತ್ತಾರೆ. ಗಮನವಿಟ್ಟು ಕೇಳಿ. ಅಂಗಾತ ಮಲಗಿ, ಮುಖ ಆಕಾಶಕ್ಕೆ, ಪಾದ ನೀರು ಹರಿಯುವ ದಿಕ್ಕಿಗೆ, ಕಾಲ್ಬೆರಳು ನೀರಿನ ಮೇಲೆ. ಬಂಡೆ ಎದುರಾದರೆ ತಲೆಯ ಬದಲು ಕಾಲು ತಾಗಲಿ ಎಂಬುದು ಇದರ ಉದ್ದೇಶ. ರಭಸದ ನೀರಿನಲ್ಲಿ ಎದ್ದು ನಿಲ್ಲುವ ಪ್ರಯತ್ನ ಮಾಡಬೇಡಿ. ಪಾದ ಎರಡು ಕಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡರೆ ನಾವು ಈಗಷ್ಟೇ ಲೆಕ್ಕ ಹಾಕಿದ ಆ ಬಲ ನಿಮ್ಮನ್ನು ಮುಂದಕ್ಕೆ ಬಗ್ಗಿಸಿ ಮುಳುಗಿಸುತ್ತದೆ. ಎಸೆದ ಹಗ್ಗವನ್ನು ಎದೆಯ ಹತ್ತಿರ ಎರಡೂ ಕೈಯಲ್ಲಿ ಹಿಡಿಯಿರಿ, ಮಣಿಕಟ್ಟಿಗೆ ಸುತ್ತಿಕೊಳ್ಳಬೇಡಿ. ಬಿದ್ದ ಮರದ ಕೊಂಬೆಗಳಿಂದ ದೂರವಿರಿ. ಅದರೊಳಗಿಂದ ನೀರು ಸೋಸಿ ಹೋಗುತ್ತದೆ, ಮನುಷ್ಯ ಹೋಗುವುದಿಲ್ಲ.

ಇಷ್ಟೆಲ್ಲ ಶಿಸ್ತಿನ ಆಟದಲ್ಲೂ ಅವಘಡ ಆಗುವುದು ಲೆಕ್ಕ ತಪ್ಪಿದಾಗ. 2022ರ ಏಪ್ರಿಲ್‌ನಲ್ಲಿ ಗಣೇಶಗುಡಿಯ ಬಳಿ ಮಿತಿಗಿಂತ ಹೆಚ್ಚು ಜನರನ್ನು ಕೂರಿಸಿಕೊಂಡಿದ್ದ ಒಂದು ರಾಫ್ಟ್ ಸೆಳೆತಕ್ಕೆ ಸಿಕ್ಕಿ, ಮಕ್ಕಳೂ ಸೇರಿದಂತೆ ಪ್ರವಾಸಿಗರು ಅಪಾಯಕ್ಕೆ ಒಳಗಾದರು. ಬೇರೆ ರಾಫ್ಟ್‌ಗಳ ಸಿಬ್ಬಂದಿ ಅವರನ್ನು ಪಾರು ಮಾಡಿದರು. ಆಮೇಲೆ ಜಿಲ್ಲಾಡಳಿತ ಕೆಲಕಾಲ ಅಲ್ಲಿನ ಜಲಕ್ರೀಡೆಗಳನ್ನೇ ನಿಲ್ಲಿಸಿತು. ದೋಣಿ ಹತ್ತುವ ಮೊದಲು ತಲೆ ಎಣಿಸುವುದು ಅವಮಾನದ ಕೆಲಸವಲ್ಲ. "ಇದರಲ್ಲಿ ಎಷ್ಟು ಜನ ಕೂರಬಹುದು? ಪರವಾನಗಿ ಇದೆಯೇ? ಜೊತೆಗೆ ಇನ್ನೊಂದು ರಾಫ್ಟೋ ಕಯಾಕೋ ಬರುತ್ತದೆಯೇ?" ಎಂದು ಕೇಳಿ. ಉತ್ತರ ಕೊಡಲು ಸಿಡುಕುವವರ ದೋಣಿ ಹತ್ತಬೇಡಿ. ಆಡಳಿತ ಆಟವನ್ನು ನಿಲ್ಲಿಸಿರುವ ದಿನ, "ನಿಮಗಾಗಿ ಒಂದು ಸುತ್ತು" ಎಂದು ಕರೆಯುವವರ ಮಾತಿಗೆ ಒಲಿಯಬೇಡಿ.

ಈಗ ನಾನು ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವಂತೆ, ರಾಫ್ಟ್ ದಡ ಮುಟ್ಟಿದೊಡನೆ ನಾವು ಜಾಕೆಟ್ ಬಿಚ್ಚಿ ಎಸೆಯುತ್ತೇವೆ. ಊಟದ ನಂತರ ಅದೇ ಗುಂಪು ಪ್ರಶಾಂತವಾಗಿ ಕಾಣುವ ಒಂದು ಮಡುವಿಗೆ ಇಳಿಯುತ್ತದೆ. ಅಲ್ಲಿ ಮಾರ್ಗದರ್ಶಿ ಇಲ್ಲ, ಹೆಲ್ಮೆಟ್ ಇಲ್ಲ, ಹಗ್ಗ ಇಲ್ಲ. ಭಯವೂ ಇಲ್ಲ. ದೃಶ್ಯ ಮಾಧ್ಯಮದಲ್ಲಿ ದುಡಿಯುವವನಾಗಿ ಒಂದು ಮಾತು ಹೇಳುತ್ತೇನೆ: ಕ್ಯಾಮೆರಾಕ್ಕೆ ನೊರೆ ಬೇಕು, ಅಬ್ಬರ ಬೇಕು. ನಿಂತ ನೀರಿನಲ್ಲಿ ತೋರಿಸಲು ಏನೂ ಇರುವುದಿಲ್ಲ. ಆದ್ದರಿಂದ ಪರದೆಯ ಮೇಲೆ ನೀರನ್ನು ನೋಡಿ ಬೆಳೆದ ನಮಗೆ ಅಬ್ಬರ ಇದ್ದಲ್ಲಿ ಮಾತ್ರ ಅಪಾಯ ಎಂಬ ಭಾವನೆ ಬೆಳೆದುಬಿಟ್ಟಿದೆ.

2024ರ ಏಪ್ರಿಲ್ 21ರಂದು ದಾಂಡೇಲಿಯ ಸಮೀಪ, ಜೊಯಿಡಾ ತಾಲೂಕಿನ ಅಕೋಡಾ ಬಳಿ ಕಾಳಿ ನದಿಯಲ್ಲಿ ಹುಬ್ಬಳ್ಳಿಯಿಂದ ವಿಹಾರಕ್ಕೆ ಬಂದ ಒಂದೇ ಕುಟುಂಬದ ಆರು ಮಂದಿ ಮುಳುಗಿ ತೀರಿಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ನೀರಿಗೆ ಬಿದ್ದ ಒಂದು ಮಗುವನ್ನು ಉಳಿಸಲು ಒಬ್ಬರ ಹಿಂದೆ ಒಬ್ಬರು ಇಳಿದರು. ಅಲ್ಲಿ ಯಾವ ಸಾಹಸದ ಆಟವೂ ನಡೆದಿರಲಿಲ್ಲ. ಪ್ರೀತಿಯೇ ಅವರನ್ನು ನೀರಿಗೆ ಎಳೆಯಿತು. ನಮ್ಮ ಕೆರೆ, ಬಾವಿ, ಕಾಲುವೆಗಳಲ್ಲಿ ಇಬ್ಬರು, ಮೂವರು ಒಟ್ಟಿಗೆ ಸತ್ತ ಸುದ್ದಿ ಓದಿದಾಗಲೆಲ್ಲ ಅದರ ಹಿಂದೆ ಹೆಚ್ಚಾಗಿ ಇದೇ ಕಥೆ ಇರುತ್ತದೆ.

ನಿಂತ ನೀರು ಹೇಗೆ ಮೋಸ ಮಾಡುತ್ತದೆ ನೋಡಿ. ಬೆಳಕಿನ ವಕ್ರೀಭವನದಿಂದಾಗಿ, ಮೇಲಿನಿಂದ ನೋಡುವಾಗ ನೀರಿನ ತಳ ನಿಜವಾದ ಆಳದ ಮುಕ್ಕಾಲು ಪಾಲಿನಲ್ಲೇ ಇದ್ದಂತೆ ಕಾಣುತ್ತದೆ. ಎಂಟು ಅಡಿಯ ಮಡು ಆರು ಅಡಿಯಂತೆ, ನಾಲ್ಕು ಅಡಿಯದು ಮೂರು ಅಡಿಯಂತೆ ತೋರುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಜಲಾಶಯದ ದಡ ಮೆಟ್ಟಿಲಿನಂತೆ ಸಮವಾಗಿ ಇಳಿಯುವುದಿಲ್ಲ. ಕೆಸರಿನಲ್ಲಿ ಎರಡು ಹೆಜ್ಜೆ ಇಟ್ಟರೆ ಮೂರನೆಯದಕ್ಕೆ ನೆಲವೇ ಇರುವುದಿಲ್ಲ. ಕಾಳಿಯ ಹಿನ್ನೀರಷ್ಟೇ ಅಲ್ಲ, ತಟ್ಟಿಹಳ್ಳ, ಮುಂಡಗೋಡದ ಬಾಚಣಕಿ, ಅತ್ತಿವೇರಿ ಜಲಾಶಯಗಳಿಗೂ ಈ ಮಾತು ಅನ್ವಯಿಸುತ್ತದೆ. ದಾಂಡೇಲಿಯ ಸುತ್ತ ಕಾಳಿಯಲ್ಲಿ ಮೊಸಳೆಗಳೂ ಇವೆ. 2021ರಲ್ಲಿ ಮೀನು ಹಿಡಿಯಲು ಹೋದ ಬಾಲಕನೊಬ್ಬನನ್ನು ಮೊಸಳೆ ಎಳೆದೊಯ್ದಿತ್ತು. ಎಚ್ಚರಿಕೆಯ ಫಲಕ ಇರುವಲ್ಲಿ ಈಜು ಬಲ್ಲವರೂ ಇಳಿಯಬಾರದು.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಮುಳುಗುವವನು ಕೂಗುತ್ತಾನೆ, ಕೈ ಬೀಸುತ್ತಾನೆ ಎಂದು ಸಿನಿಮಾ ನಮಗೆ ಕಲಿಸಿದೆ. ನಿಜದಲ್ಲಿ ಅವನಿಗೆ ಕೂಗಲು ಉಸಿರೇ ಇರುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುತ್ತದೆ, ಕೈಗಳು ಅಕ್ಕಪಕ್ಕಕ್ಕೆ ನೀರನ್ನು ಒತ್ತುತ್ತಿರುತ್ತವೆ, ಕಣ್ಣು ಎತ್ತಲೋ ನೆಟ್ಟಿರುತ್ತದೆ. ಇದೆಲ್ಲ ಅರ್ಧ ನಿಮಿಷದಿಂದ ಒಂದು ನಿಮಿಷದೊಳಗೆ ಮುಗಿಯುತ್ತದೆ. ಗಲಾಟೆ ಮಾಡುತ್ತಿದ್ದ ಹುಡುಗ ಏಕಾಏಕಿ ಸುಮ್ಮನಾದರೆ ಮೊದಲು ಅವನ ಕಡೆ ನೋಡಿ.

ಆಗ ಏನು ಮಾಡಬೇಕು? ನೀರಿಗೆ ಹಾರುವುದು ಕೊನೆಯ ಉಪಾಯ. ಅದೂ ತರಬೇತಿ ಪಡೆದವರಿಗೆ ಮಾತ್ರ. ಮುಳುಗುವವನು ಕೈಗೆ ಸಿಕ್ಕಿದವರ ಹೆಗಲು ಹತ್ತುತ್ತಾನೆ. ಅದು ಅವನ ತಪ್ಪಲ್ಲ, ಜೀವದ ಸ್ವಭಾವ. ಮೊದಲು ಕೂಗಿ ಜನರನ್ನು ಸೇರಿಸಿ. ದಡದಲ್ಲಿ ಬೋರಲು ಮಲಗಿ ಬಿದಿರು ಗಳ, ಕೊಂಬೆ, ಪಂಚೆ, ಸೀರೆ ಏನು ಸಿಕ್ಕರೆ ಅದನ್ನು ಚಾಚಿ. ಎಟುಕದಿದ್ದರೆ ತೇಲುವ ವಸ್ತು ಎಸೆಯಿರಿ. ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು ಸುಮಾರು ಐದು ಕಿಲೋ ಎತ್ತುತ್ತದೆ. ತಲೆಯ ತೂಕವೂ ಅಷ್ಟೇ ಎಂದು ಆಗಲೇ ಹೇಳಿದೆ. ಅಂದರೆ ಎದೆಗೆ ಅಪ್ಪಿಕೊಂಡ ಒಂದು ಖಾಲಿ ಕ್ಯಾನು ಮೂಗನ್ನು ನೀರಿನ ಮೇಲೆ ಉಳಿಸಬಲ್ಲದು. ಹಳ್ಳಿಯಲ್ಲಿ ಬೆಂಡು, ಸೋರೆಬುರುಡೆ ಕಟ್ಟಿ ಈಜು ಕಲಿಸುತ್ತಿದ್ದ ಹಿರಿಯರಿಗೆ ಈ ಲೆಕ್ಕ ಪುಸ್ತಕವಿಲ್ಲದೆ ತಿಳಿದಿತ್ತು. 2020ರ ಆಗಸ್ಟ್‌ನಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕೊಟ್ಟರೈ ಅಣೆಕಟ್ಟಿನಲ್ಲಿ ನಾಲ್ವರು ಹುಡುಗರು ಮುಳುಗುತ್ತಿದ್ದಾಗ, ಮೂವರು ಮಹಿಳೆಯರು ತಾವು ಉಟ್ಟ ಸೀರೆಗಳನ್ನೇ ಎಸೆದು ಇಬ್ಬರನ್ನು ಉಳಿಸಿದರು. ಆ ಗಳಿಗೆಯಲ್ಲಿ ಅವರಿಗೆ ನೆನಪಾದದ್ದು ಸೀರೆಯ ಉದ್ದ.

ಹೊರಗೆ ತಂದವನಿಗೆ ಉಸಿರಿಲ್ಲದಿದ್ದರೆ ಒಂದೊಂದು ನಿಮಿಷವೂ ಮುಖ್ಯ. ಆಮ್ಲಜನಕ ಸಿಗದೆ ನಾಲ್ಕೈದು ನಿಮಿಷ ಕಳೆದರೆ ಮೆದುಳಿಗೆ ಹಾನಿ ಶುರುವಾಗುತ್ತದೆ. ಕಾಲು ಹಿಡಿದು ತಲೆಕೆಳಗಾಗಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡ. ಅದರಿಂದ ಹೊಟ್ಟೆಯಲ್ಲಿರುವುದು ಶ್ವಾಸಕೋಶ ಸೇರುತ್ತದೆ, ಸಮಯವೂ ಹಾಳು. ಒಬ್ಬರು 112ಕ್ಕೋ 108ಕ್ಕೋ ಫೋನ್ ಮಾಡಲಿ. ಇನ್ನೊಬ್ಬರು ಅಂಗಾತ ಮಲಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎರಡು ಸಲ ಉಸಿರು ಕೊಡಲಿ. ಆಮೇಲೆ ಎದೆಯ ನಡುಮೂಳೆಯ ಮೇಲೆ ಎರಡೂ ಅಂಗೈಯಿಟ್ಟು, ಸುಮಾರು 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಬೇಕು. ಮತ್ತೆ ಎರಡು ಉಸಿರು. ಸಹಾಯ ಬರುವವರೆಗೆ ನಿಲ್ಲಿಸಬಾರದು. ಎಚ್ಚರವಾದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಇದನ್ನು ಓದಿ ಕಲಿಯಲಾಗದು, ಮಾಡಿ ಕಲಿಯಬೇಕು. ನಿಮ್ಮ ಕಾಲೇಜಿನ ಎನ್.ಸಿ.ಸಿ., ರೆಡ್ ಕ್ರಾಸ್, ಸ್ಕೌಟ್ಸ್ ಘಟಕದವರನ್ನು ಒಂದು ಮಧ್ಯಾಹ್ನದ ತರಬೇತಿಗಾಗಿ ಕೇಳಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು ಮೂರು ಲಕ್ಷ. ಅದೇ ವರ್ಷ ವಿಶ್ವಸಂಸ್ಥೆ ಜುಲೈ 25ನ್ನು ಮುಳುಗಡೆ ಸಾವು ತಡೆಯುವ ದಿನವೆಂದು ಘೋಷಿಸಿತು. ಅದು ನಮ್ಮಲ್ಲಿ ಮಳೆ ಜೋರಾಗಿ ಹೊಡೆಯುವ, ಕೆರೆಕಟ್ಟೆಗಳು ತುಂಬುವ ಕಾಲ. ಆ ದಿನ ನಿಮ್ಮ ಶಾಲೆಯಲ್ಲಿ ಭಾಷಣದ ಬದಲು ಒಂದು ಹಗ್ಗ, ಒಂದು ಖಾಲಿ ಕ್ಯಾನು ಇಟ್ಟುಕೊಂಡು ಮೈದಾನದಲ್ಲಿ ಎಸೆಯುವ ಅಭ್ಯಾಸ ಮಾಡಿ. ಹದಿನೈದು ಮೀಟರ್ ದೂರ ಗುರಿಯಿಟ್ಟು ಎಸೆಯುವುದು ಎಷ್ಟು ಕಷ್ಟ ಎಂದು ಆಗ ತಿಳಿಯುತ್ತದೆ. ಹತ್ತು ಸಲ ಎಸೆದರೆ ಎಷ್ಟು ಸುಲಭ ಎಂದೂ ತಿಳಿಯುತ್ತದೆ.

ಕಾಳಿಯಲ್ಲಿ ಆಡಲು ಹೋಗಿ ಬನ್ನಿ. ಮಾರ್ಗದರ್ಶಿ ಹೇಳಿದಾಗ ಹುಟ್ಟು ಹಾಕಿ, ಹೇಳಿದಾಗ ನಿಲ್ಲಿಸಿ. ಆಮೇಲೆ ದಡದಲ್ಲಿ ತಿಂಡಿ ತಿನ್ನುವಾಗ ಗುಂಪಿನಲ್ಲಿ ಒಬ್ಬರಾದರೂ ನೀರಿನ ಕಡೆ ಮುಖ ಮಾಡಿ ಕುಳಿತಿರಿ. ಜೊತೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದರೆ ಅವರ ಜಾಕೆಟ್ ಮನೆಗೆ ಹೊರಡುವ ಗಾಡಿ ಹತ್ತುವ ತನಕ ಮೈಮೇಲೇ ಇರಲಿ.